ಒಂದು ಡಿಶ್, ಮೂರು ಟಿವಿ: ಹಾಕಿ ನೋಡಿದ ದಾರಿಗಳು

ಮನೆಗೆ ಎರಡನೇ ಟಿವಿ ಬಂದ ಕೂಡಲೇ ಏಳುವ ಪ್ರಶ್ನೆ, ಇದಕ್ಕೂ ಬೇರೆ ಡಿಶ್ ಬೇಕಾ ಅಂತ. ಅಂಗಡಿಯವರು ಒಂದು ಹೇಳುತ್ತಾರೆ, ಡಿಶ್ ಹಾಕುವ ಹುಡುಗರು ಇನ್ನೊಂದು. ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ, ಕೇಬಲ್ ಇಲ್ಲಿವರೆಗೆ ಬಂದಿಲ್ಲ. ಹಾಲ್, ಅತ್ತೆಯ ರೂಮು, ಮಹಡಿ, ಮೂರೂ ಕಡೆ ಟಿವಿ ಇದೆ. ಹಾಗಾಗಿ ಎಲ್ಲ ಉಪಾಯಗಳನ್ನೂ ಒಂದೊಂದಾಗಿ ಹಾಕಿ ನೋಡಿದ್ದೇವೆ.

ಎಲ್ಲಕ್ಕಿಂತ ಅಗ್ಗದ್ದು ಸ್ಪ್ಲಿಟರ್. ಡಿಶ್‌ನಿಂದ ಬರುವ ಒಂದೇ ವೈರನ್ನು ಕವಲು ಮಾಡಿ ಎರಡು ಸೆಟ್‌ಟಾಪ್ ಬಾಕ್ಸಿಗೆ ಕೊಡುವುದು. ಮೊದಲು ಎರಡೂ ಟಿವಿ ಚೆನ್ನಾಗಿಯೇ ಬಂದವು. ಅತ್ತೆ ಚಾನೆಲ್ ಬದಲಿಸಿದ ತಕ್ಷಣ ಹಾಲ್‌ನಲ್ಲಿ ‘ನೋ ಸಿಗ್ನಲ್’. ಕಾರಣ ಎಲ್‌ಎನ್‌ಬಿ, ಅಂದರೆ ಉಪಗ್ರಹದ ಅಲೆ ಹಿಡಿದು ವೈರಿಗೆ ಇಳಿಸುವ, ಡಿಶ್‌ನ ಮುಂದಿರುವ ಡಬ್ಬಿ. ಉಪಗ್ರಹ ಚಾನೆಲ್‌ಗಳನ್ನು ಲಂಬ, ಅಡ್ಡ ಅಂತ ಎರಡು ಬಗೆಯ ಅಲೆಯಲ್ಲಿ ಕಳಿಸುತ್ತದೆ. ಬಾಕ್ಸ್ ಅದೇ ವೈರಿನಲ್ಲಿ ಮೇಲಕ್ಕೆ ಕರೆಂಟ್ ಕಳಿಸುತ್ತದೆ. 13 ವೋಲ್ಟ್ ಹೋದರೆ ಎಲ್‌ಎನ್‌ಬಿ ಲಂಬ ಅಲೆಯ ಚಾನೆಲ್‌ಗಳನ್ನು ಕೊಡುತ್ತದೆ, 18 ಹೋದರೆ ಅಡ್ಡ ಅಲೆಯದ್ದನ್ನು. ಒಂದು ಬಾಕ್ಸ್ 13, ಇನ್ನೊಂದು 18 ಕಳಿಸಿದರೆ ಜಾಸ್ತಿ ವೋಲ್ಟ್ ಇದ್ದದ್ದೇ ಗೆಲ್ಲುತ್ತದೆ. ಇನ್ನೊಂದು ಟಿವಿ ಕಪ್ಪಾಗುತ್ತದೆ. ಎಷ್ಟು ಒಳ್ಳೆ ಸ್ಪ್ಲಿಟರ್ ತಂದರೂ ಇದು ಸರಿಹೋಗುವುದಿಲ್ಲ.

ಆಮೇಲೆ ಒಂದೇ ಬಾಕ್ಸಿನ ಚಿತ್ರವನ್ನು ಎರಡು ಕಡೆ ಒಯ್ಯುವ ದಾರಿ. ಹಾಲ್‌ನ ಟಿವಿಗೆ ಎಚ್‌ಡಿಎಂಐ, ರೂಮಿಗೆ ಕೆಂಪು, ಬಿಳಿ, ಹಳದಿ ಪಿನ್ನಿನ ಎವಿ ವೈರು. ಖರ್ಚು ಕಡಿಮೆ, ಆದರೆ ದೊಡ್ಡ ಟಿವಿಯಲ್ಲಿ ಎವಿ ಚಿತ್ರ ಮಸುಕು. ಮಹಡಿಗೆ ಉದ್ದದ ಎಚ್‌ಡಿಎಂಐ ವೈರನ್ನೇ ಎಳೆದೆವು, ಚಿತ್ರ ಆಗಾಗ ಮಿಣುಕಿ ಹೋಗುತ್ತಿತ್ತು. ಇಂಟರ್‌ನೆಟ್‌ಗೆ ಹಾಕುವ ಕ್ಯಾಟ್ 6 ವೈರಿನ ಎರಡು ತುದಿಗೆ ಎಕ್ಸ್‌ಟೆಂಡರ್ (ಎಚ್‌ಡಿಎಂಐ ಚಿತ್ರವನ್ನು ದೂರ ಒಯ್ಯುವ ಡಬ್ಬಿ) ಕೂರಿಸಿದ ಮೇಲೆ ಚೊಕ್ಕವಾಗಿ ಬಂತು. ಆದರೂ ತೊಂದರೆ ಉಳಿಯಿತು. ರಿಮೋಟಿನ ಬೆಳಕು ಗೋಡೆ ದಾಟುವುದಿಲ್ಲ, ಅದಕ್ಕೆ ಬೇರೆ ಸೆನ್ಸಾರ್ ವೈರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಟಿವಿಯಲ್ಲೂ ಒಂದೇ ಚಾನೆಲ್. ಸಂಜೆ ಏಳಕ್ಕೆ ಅತ್ತೆಗೆ ಸೀರಿಯಲ್, ಮಕ್ಕಳಿಗೆ ಮ್ಯಾಚ್. ಇದು ನಡೆಯೋದಿಲ್ಲ, ಅಲ್ವಾ? ಇಬ್ಬರೇ ಇರುವ ಮನೆಗೆ, ಅಡುಗೆಮನೆಯಲ್ಲೂ ಅದೇ ಸುದ್ದಿ ಕೇಳಲಿ ಅನ್ನುವವರಿಗೆ ಮಾತ್ರ ಈ ದಾರಿ ಸಾಕು.

ನಮ್ಮಲ್ಲಿ ಗಟ್ಟಿಯಾಗಿ ನಿಂತದ್ದು ಕ್ವಾಡ್ ಎಲ್‌ಎನ್‌ಬಿ. ಡಿಶ್ ಹಳೆಯದೇ. ಮುಂದಿನ ಎಲ್‌ಎನ್‌ಬಿ ಬಿಚ್ಚಿ ನಾಲ್ಕು ಔಟ್‌ಪುಟ್ ಇರುವುದನ್ನು ಹಾಕಿಸಿದೆವು. ಒಂದೊಂದು ಔಟ್‌ಪುಟ್‌ನಿಂದ ಒಂದೊಂದು ಬಾಕ್ಸಿಗೆ ನೇರ ಆರ್‌ಜಿ 6 (ಡಿಶ್‌ಗೆ ಹಾಕುವ ದಪ್ಪ) ವೈರು, ನಡುವೆ ಯಾವ ಜೋಡಣೆಯೂ ಇಲ್ಲ. ಪ್ರತಿ ಬಾಕ್ಸಿನ ವೋಲ್ಟ್ ಅದರದರ ಪಾಡಿಗೆ ಹೋಗುತ್ತದೆ, ಯಾರ ಚಾನೆಲ್ಲೂ ಯಾರಿಗೂ ಅಡ್ಡ ಬರುವುದಿಲ್ಲ. ಎರಡೇ ಟಿವಿ ಇದ್ದರೆ ಎರಡು ಔಟ್‌ಪುಟ್‌ನ ಟ್ವಿನ್ ಎಲ್‌ಎನ್‌ಬಿ ಸಾಕು. ಕೊಳ್ಳುವಾಗ ಹೆಸರು ನೋಡಿಕೊಳ್ಳಿ: ‘ಕ್ವಾಟ್ರೊ’ ಅಂತ ಇನ್ನೊಂದಿದೆ, ಅದಕ್ಕೂ ನಾಲ್ಕು ಔಟ್‌ಪುಟ್ ಇದ್ದರೂ ಮಲ್ಟಿಸ್ವಿಚ್ (ಹಲವು ಬಾಕ್ಸಿಗೆ ಸಿಗ್ನಲ್ ಹಂಚುವ ಪೆಟ್ಟಿಗೆ) ಇಲ್ಲದೆ ಮನೆಗೆ ಉಪಯೋಗಕ್ಕೆ ಬರುವುದಿಲ್ಲ. ಅದು ಅಪಾರ್ಟ್‌ಮೆಂಟ್‌ಗಳಿಗೆ.

ಇಲ್ಲಿ ಭಾರ ಬೀಳುವುದು ತಿಂಗಳ ಬಿಲ್ಲಿಗೆ. ಪ್ರತಿ ಟಿವಿಗೂ ಬಾಕ್ಸ್ ಬೇಕು, ಪ್ಯಾಕೂ ಬೇಕು. ಎರಡನೇ ಟಿವಿಯಿಂದ ಮುಂದಕ್ಕೆ ನೆಟ್‌ವರ್ಕ್ ಶುಲ್ಕ (ಚಾನೆಲ್ ದರ ಬಿಟ್ಟು ಸಂಪರ್ಕಕ್ಕೇ ತಿಂಗಳು ಕೊಡುವ ಹಣ) ಮೊದಲನೆಯದರ ಶೇ. 40 ಮೀರಬಾರದು ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2020ರಲ್ಲಿ ಹೇಳಿತ್ತು. 2024ರಲ್ಲಿ ಶುಲ್ಕದ ಮಿತಿಯನ್ನೇ ತೆಗೆದು ಕಂಪನಿಗಳಿಗೆ ಬಿಟ್ಟಿದೆ. ಹಾಗಾಗಿ ಮಲ್ಟಿ ಟಿವಿ ದರವನ್ನು ವೈರ್ ಎಳೆಸುವ ಮೊದಲೇ ಕೇಳಿ.

ಆ ಬಿಲ್ಲು ಬೇಡ ಅಂದರೆ ಮಹಡಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಹಾಕಬಹುದು. ತಿಂಗಳ ಬಾಡಿಗೆ ಇಲ್ಲ, ಚಂದನ ಸಿಗುತ್ತದೆ, ಭಾರತದ ಮುಖ್ಯ ಪಂದ್ಯಗಳು ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತವೆ. ಅತ್ತೆಯ ಸೀರಿಯಲ್ ಮಾತ್ರ ಅಲ್ಲಿ ಸಿಗಲಿಲ್ಲ. ಅದರ ಉಪಗ್ರಹ 93.5 ಡಿಗ್ರಿ ಪೂರ್ವದ ಜಿಸ್ಯಾಟ್ 15. ನಮ್ಮ ಕಂಪನಿಯದು ಬೇರೆ ಕಡೆ ಇರುವುದರಿಂದ ಇನ್ನೊಂದು ಡಿಶ್ ಬೇಕಾಯಿತು. ಕಂಪನಿಯದೂ ಅದೇ ಉಪಗ್ರಹ ಆಗಿದ್ದರೆ ಒಂದೇ ಡಿಶ್‌ನಲ್ಲಿ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡನ್ನೂ ನಡೆಸಬಹುದು.

ಆ್ಯಪ್‌ನಲ್ಲಿ ನೋಡಿದರೆ ವೈರೇ ಬೇಡ. ಆದರೆ ಆ್ಯಪ್ ಕೆಲವು ಸೆಕೆಂಡು ಹಿಂದೆ ಓಡುತ್ತದೆ. ಹಾಲ್‌ನಲ್ಲಿ ಸಿಕ್ಸರಿಗೆ ಕೂಗಿದ್ದು ಕೇಳುವಾಗ ಮಹಡಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಆಷಾಢದ ಮಳೆ ಜೋರಾದಾಗ ಮಾತ್ರ ಅದು ಕೈಹಿಡಿಯುತ್ತದೆ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅಲೆಗಳನ್ನು ದೊಡ್ಡ ಮಳೆ ನುಂಗಿಬಿಡುತ್ತದೆ. ಆಗ ಕ್ವಾಡ್ ಇದ್ದರೂ ಒಂದೇ ಡಿಶ್ ಆದ್ದರಿಂದ ಮೂರೂ ಟಿವಿ ಒಟ್ಟಿಗೆ ನಿಲ್ಲುತ್ತವೆ.

ಸಣ್ಣ ಮಳೆಗೇ ನಿಲ್ಲುತ್ತಿದ್ದರೆ ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿ ನೋಡಿ. ಒಳಗಿನ ತಾಮ್ರದ ತಂತಿ ಕಪ್ಪಾಗಿದ್ದರೆ ನೀರು ಇಳಿದಿದೆ ಅಂತಲೇ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ಮೇಲೆ ರಬ್ಬರ್ ಟೋಪಿ ಏರಿಸಿ. ಬಳಸದೆ ಉಳಿದ ನಾಲ್ಕನೇ ಔಟ್‌ಪುಟ್‌ಗೂ ಒಂದು ಟೋಪಿ ಬೇಕು.