ಹೆಣ್ಣಿನ ಅಳತೆಗೆ ಕಿಲ್ಟ್: ತಿದ್ದಿಸುವುದೋ, ಹೊಲಿಸುವುದೋ?

ಅಣ್ಣನ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು) ನನ್ನ ಅಳತೆಗೆ ತಿದ್ದಿಸಲೋ, ಹೊಸದು ಹೊಲಿಸಲೋ ಅಂತ ಕೇಳಿದ್ದೀರಿ. ಮೇಲ್ನೋಟಕ್ಕೆ ತಿದ್ದಿಸುವುದೇ ಅಗ್ಗ. ಬಕಲ್ ಸರಿಸಿದರೆ ಒಂದೆರಡು ಇಂಚು ಸಲೀಸಾಗಿ ಹೊಂದುತ್ತದೆ. ಸೊಂಟಕ್ಕೂ ನಿತಂಬಕ್ಕೂ ವ್ಯತ್ಯಾಸ ಕಡಿಮೆ ಇರುವವರಿಗೆ ಇಷ್ಟೇ ಸಾಕು.

ವ್ಯತ್ಯಾಸ ಎಂಟು-ಹತ್ತು ಇಂಚಿದ್ದರೆ ಮಾತ್ರ ಕಷ್ಟ. ನಿತಂಬಕ್ಕೆ ಸರಿಹೊಂದಿದ್ದು ಹಿಂದೆ ಸೊಂಟದ ಹತ್ತಿರ ಉಬ್ಬಿ ನಿಲ್ಲುತ್ತದೆ. ನೆರಿಗೆಗಳ ಹೊಲಿಗೆ ಬಿಚ್ಚಿ, ಒಂದೊಂದನ್ನೂ ಮೇಲ್ಗಡೆ ಕಿರಿದು ಮಾಡಿ, ಟಾರ್ಟನ್ (ಕಿಲ್ಟಿನ ಬಣ್ಣಬಣ್ಣದ ಚೌಕಳಿ ಬಟ್ಟೆ) ಚೌಕಳಿ ತಪ್ಪದಂತೆ ಮತ್ತೆ ಹೊಲಿಯಬೇಕು. ಉದ್ದದ್ದೂ ಇದೇ ಕಥೆ: ಕಿಲ್ಟಿನ ಕೆಳಗಂಚು ಸಾಮಾನ್ಯವಾಗಿ ಬಟ್ಟೆಯ ಸ್ವಂತ ಅಂಚೇ, ಮಡಚಿ ಹೊಲಿದದ್ದಲ್ಲ. ಹಾಗಾಗಿ ಕತ್ತರಿ ಮೇಲಿನಿಂದಲೇ ಹಾಕಬೇಕು. ಇಷ್ಟು ಕೆಲಸಕ್ಕೆ ಕೂಲಿ ಕೊಟ್ಟಮೇಲೆ ಅಗ್ಗವೆಲ್ಲಿ ಬಂತು!

ಹೊಸದಕ್ಕೆ ಸೊಂಟ, ನಿತಂಬ, ಅವೆರಡರ ನಡುವಿನ ಎತ್ತರ, ಮಂಡಿಯವರೆಗಿನ ಉದ್ದ ಅಳೆಸಿ. ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಹೈಲ್ಯಾಂಡ್ ನೃತ್ಯಕ್ಕಾದರೆ ಇದೇ ಸರಿ. ಕುಣಿಯುವಾಗ ನೆರಿಗೆ ಜಾಗ ಬಿಡಬಾರದು ನೋಡಿ. ಬಾಳಿಕೆಯೂ ಹೆಚ್ಚು.

ವರ್ಷಕ್ಕೊಮ್ಮೆ ಮದುವೆಗೋ ಕೇಲಿಗೋ (ಸ್ಕಾಟ್ಲೆಂಡಿನ ಹಾಡು-ಕುಣಿತದ ಕೂಟ) ಉಡುವುದಾದರೆ ಕಡಿಮೆ ಬಟ್ಟೆಯ ಕಿಲ್ಟ್ ಲಂಗ ಹಗುರ, ಖರ್ಚೂ ಕಡಿಮೆ. ಪೂರ್ಣ ಕಿಲ್ಟಿನ ಎಂಟು ಗಜದ ಉಣ್ಣೆಯ ಭಾರ, ಆ ಬೀಸು ಅದಕ್ಕೆ ಬರುವುದಿಲ್ಲ ಅನ್ನುವುದೂ ನಿಜ. ಅಣ್ಣನದು ಮನೆತನದ ಟಾರ್ಟನ್ ಆಗಿದ್ದು, ಆ ಬಟ್ಟೆಯೇ ಬೇಕೆಂದಿದ್ದರೆ ಖರ್ಚಾದರೂ ತಿದ್ದಿಸಿ.