ಮೂರು ವರ್ಷ ಬಳಸಿದ ಸ್ಟೀಲ್ ಕಾಫಿ ಫಿಲ್ಟರ್: ಗಸಿಯ ತಕರಾರು

ಇಬ್ಬರಿಗೆ ಸಾಕಾಗುವ ಸಣ್ಣ ಫಿಲ್ಟರ್. ಬಳ್ಳಾರಿಯ ಯಾವ ಪಾತ್ರೆ ಅಂಗಡಿಗೆ ಹೋದರೂ ಸಿಗುವ ಮಾಲು, ಹಾಗಾಗಿ ಅಳತೆ, ಹೊಳಪಿನ ವರ್ಣನೆ ಬಿಡುತ್ತೇನೆ. ತಕರಾರು ಒಂದೇ: ಲೋಟದ ಕೊನೆಯ ಗುಟುಕಿನಲ್ಲಿ ಹಲ್ಲಿಗೆ ಸಿಗುವ ಗಸಿ.

ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದರೆ ಕಾರಣ ಕಾಣುತ್ತದೆ. ನಡುವಿನ ತೂತುಗಳು ಸಣ್ಣ, ಒಂದೇ ಸಮ. ಅಂಚಿನ ಸಾಲಿನವು ದೊಡ್ಡವು. ನೀರು ಮೊದಲು ಹುಡುಕುವುದು ಗೋಡೆ ಪಕ್ಕದ ಸಂದಿಯನ್ನೇ, ಪುಡಿಯನ್ನೂ ಅಲ್ಲಿಂದಲೇ ಎಳೆದುಕೊಂಡು ಇಳಿಯುತ್ತದೆ. ಅಂಗಡಿಯಲ್ಲೇ ಹೀಗೆ ನೋಡಿ ಆರಿಸಿಕೊಳ್ಳಿ. ಕಟ್ಟಿದ ತೂತಿಗೆ ಪಿನ್ನು ಮಾತ್ರ ಚುಚ್ಚಬೇಡಿ, ಅಗಲವಾದ ತೂತು ಮತ್ತೆ ಕಿರಿದಾಗುವುದಿಲ್ಲ.

ಆದರೆ ಎಲ್ಲ ತಪ್ಪನ್ನೂ ಪಾತ್ರೆಯ ತಲೆಗೆ ಕಟ್ಟಿದರೆ ಅನ್ಯಾಯ. ಗಸಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಕಂದು ಬಣ್ಣದ ತರಿ ಆದರೆ ಪುಡಿಯದು; ಬಿಳಿ ಚೂರು ಆದರೆ ಬೋರ್ ನೀರಿನ ಸುಣ್ಣ. ನಮ್ಮ ಕಡೆ ಬಿಸಿನೀರಿನ ಪಾತ್ರೆಯ ತಳ ಕೆರೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕ್ಯಾನ್ ನೀರಿಗೆ ಬದಲಾಯಿಸಿದರೆ ಬಿಳಿ ಚೂರು ನಿಲ್ಲುತ್ತದೆ. ತೂತಿಗೆ ಆಗಲೇ ಕಟ್ಟಿದ್ದರೆ ಅರ್ಧ ನಿಂಬೆಹಣ್ಣು ಹಿಂಡಿದ ನೀರಲ್ಲಿ ಹತ್ತು ನಿಮಿಷ ಕುದಿಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ.

ಪುಡಿ ಚಿರೋಟಿ ರವೆಯಂತಿರಬೇಕು. ಮೈದಾ ಹಿಟ್ಟಿನ ಹಾಗೆ ಬೆರಳಿಗೆ ಮೆತ್ತಿಕೊಂಡರೆ ಯಾವ ಫಿಲ್ಟರೂ ತಡೆಯಲಾರದು. ಚಿಕೋರಿ ನೂರಕ್ಕೆ 20 ಸಾಕು. ಹೆಚ್ಚಾದಷ್ಟೂ ಇಳಿಯುವುದು ನಿಧಾನ, ಆಗ ಕೈ ಸುಮ್ಮನಿರದೆ ಫಿಲ್ಟರ್ ಕುಟ್ಟುತ್ತದೆ. ಗಸಿಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಇಲ್ಲ.

ಈಗ ದಿನದ ಕ್ರಮ. ಒಣಗಿದ ಮೇಲಿನ ಪಾತ್ರೆಗೆ 20 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ಪುಡಿ. ಒಮ್ಮೆ ಮೆಲ್ಲಗೆ ತಟ್ಟಿ ಸಮ ಮಾಡಿ, ಅಂಚಿನ ಸುತ್ತ ಮಾತ್ರ ಚಮಚದ ಹಿಂಬದಿಯಿಂದ ಒತ್ತಿ. ಕಡ್ಡಿ ಇರುವ ಬಿಲ್ಲೆಯನ್ನು ಮೇಲೆ ಇಡಿ, ಅದುಮಬೇಡಿ. ಕುದಿದ ನೀರು ಅರೆ ನಿಮಿಷ ಆರಲಿ. ಮೊದಲು 30 ಮಿಲಿ, ಬಿಲ್ಲೆಯ ನಡುವಿಗೆ. ಒಂದು ನಿಮಿಷ ಪುಡಿ ನೆನೆದು ಉಬ್ಬಲಿ. ಆಮೇಲೆ ಉಳಿದ 90 ಮಿಲಿ, ಎತ್ತರದಿಂದ ಸುರಿಯದೆ, ಗೋಡೆಗೆ ತಾಗಿಸದೆ. ಮುಚ್ಚಳ ಹಾಕಿ ಹದಿನೈದು ನಿಮಿಷ ಮರೆತುಬಿಡಿ. ಕೆಳಗೆ ಸುಮಾರು 80 ಮಿಲಿ ಡಿಕಾಕ್ಷನ್ ಸಿಗುತ್ತದೆ, ಉಳಿದದ್ದನ್ನು ಪುಡಿ ಕುಡಿದಿರುತ್ತದೆ.

ನಾಲ್ಕೇ ನಿಮಿಷಕ್ಕೆ ಇಳಿದುಬಿಟ್ಟರೆ ಪುಡಿ ದಪ್ಪ ಅಥವಾ ಅಂಚು ಸಡಿಲ. ತೊಟ್ಟಿಕ್ಕುವುದೇ ನಿಂತರೆ ಕುಟ್ಟುವ ಮೊದಲು ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ ಬಿಡಿ. ಎರಡೂ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ದಾರಿಯಿಲ್ಲದೆ ಹೀಗಾಗುತ್ತದೆ.

ಡಿಕಾಕ್ಷನ್ ಬಗ್ಗಿಸುವಾಗ ಕೊನೆಯ ಚಮಚ ತಳದಲ್ಲೇ ಬಿಡಿ. ಬೇಸಿಗೆಯಲ್ಲಿ ಸಂಜೆಗೂ ಬೇಕಿದ್ದರೆ ಫ್ರಿಜ್ಜಿನಲ್ಲಿಡಿ, ಇಲ್ಲಿನ ಬಿಸಿಲಿಗೆ ಹೊರಗಿಟ್ಟದ್ದು ಕೆಡುತ್ತದೆ. ಪೇಪರ್ ಫಿಲ್ಟರನ್ನು ದುಂಡಗೆ ಕತ್ತರಿಸಿ ತಳಕ್ಕೆ ಹಾಸಿದರೆ ಗಸಿ ಪೂರ್ತಿ ನಿಲ್ಲುತ್ತದೆ, ನಿಜ. ಚಿಕೋರಿ ಪುಡಿಗೆ ಆ ಪೇಪರ್ ಕಟ್ಟಿಕೊಂಡು ಮುಕ್ಕಾಲು ಗಂಟೆ ಕಾಯಿಸುತ್ತದೆ, ದಿನಕ್ಕೊಂದು ಪೇಪರ್ ಖರ್ಚು ಬೇರೆ. ಐದಕ್ಕೆ ಮೂರು ಸ್ಟಾರ್. ಕಳೆದ ಎರಡೂ ಆ ಅಂಚಿನ ತೂತುಗಳಿಗೆ.