ನರ್ಸಿಂಗ್ ವಿದ್ಯಾರ್ಥಿಗಳಿಗೆ ಔಷಧ ಬಳಕೆಯ ತರಬೇತಿ: ದಾವಣಗೆರೆಯ ನಾಲ್ಕು ಭಾನುವಾರಗಳು

ದಾವಣಗೆರೆಯ ವಿದ್ಯಾನಗರದ ಬಾಡಿಗೆ ಸಭಾಂಗಣವೊಂದರಲ್ಲಿ ಫಾರ್ಮಕಾಲಜಿಯ (ಔಷಧಶಾಸ್ತ್ರದ) ನಿವೃತ್ತ ಪ್ರಾಧ್ಯಾಪಕರೊಬ್ಬರೂ ಬಹುಕಾಲ ವಾರ್ಡ್ ನೋಡಿಕೊಂಡ ಹಿರಿಯ ಸಿಸ್ಟರ್ ಒಬ್ಬರೂ ಸೇರಿ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಈ ತರಬೇತಿ ನಡೆಸುತ್ತಾರೆ. ಶುಲ್ಕ ತಲಾ 600 ರೂಪಾಯಿ. ನಾಲ್ಕನೇ ಸೆಮಿಸ್ಟರ್‌ನ 11 ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದ ನಾನು, ಅವರ ಬೋಧಕಿಯಾಗಿ ನಾಲ್ಕೂ ದಿನ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪರಿಷ್ಕೃತ ಪಠ್ಯಕ್ರಮವು ನಾಲ್ಕನೇ ಸೆಮಿಸ್ಟರ್‌ನ ಫಾರ್ಮಕಾಲಜಿಯೊಳಗೇ ಔಷಧ ಸೂಚಿಸುವಿಕೆಯ ಮೂಲತತ್ತ್ವಗಳ ಮಾಡ್ಯೂಲ್ ಒಂದನ್ನು ಸೇರಿಸಿದೆ. ಆದರೆ ನಮ್ಮ ತರಗತಿಗಳಲ್ಲಿ ಅದು ಔಷಧಗಳ ಹೆಸರು, ವರ್ಗ, ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡಿಸುವುದರಲ್ಲೇ ಮುಗಿದುಹೋಗುತ್ತದೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ರೋಗಿಯ ತೊಂದರೆಗೆ ತಕ್ಕ ಔಷಧ, ಅವರ ದೇಹಕ್ಕೆ ತಕ್ಕ ಪ್ರಮಾಣ, ಸಾಕಷ್ಟು ಅವಧಿ, ಅವರಿಗೂ ಸಮುದಾಯಕ್ಕೂ ಆದಷ್ಟು ಕಡಿಮೆ ವೆಚ್ಚ ಎಂಬ, ವಿಶ್ವ ಆರೋಗ್ಯ ಸಂಸ್ಥೆಯ 1985ರ ನೈರೋಬಿ ಸಮ್ಮೇಳನದಿಂದ ಬಂದ ವಿವೇಚನೆಯ ಔಷಧ ಬಳಕೆಯ ವ್ಯಾಖ್ಯೆಯನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಮೊದಲ ಭಾನುವಾರ ಅದೇ ವ್ಯಾಖ್ಯೆಯನ್ನು ಮುಂದಿಟ್ಟುಕೊಂಡು, ತಾವು ಕೆಲಸ ಕಲಿಯುವ ವಾರ್ಡಿನ ಚಾರ್ಟುಗಳಿಂದ ರೋಗಿಯ ಹೆಸರಿಲ್ಲದೆ ಬರೆದು ತಂದಿದ್ದ ಪ್ರತಿ ಔಷಧದ ಎದುರು ಅದನ್ನು ಕೊಡುತ್ತಿರುವ ಕಾರಣವನ್ನು ಬರೆಯಲು ಹೇಳಿದರು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಎದುರಿನ ಜಾಗ ಬಹುಪಾಲು ಹಾಳೆಗಳಲ್ಲಿ ಖಾಲಿ ಉಳಿಯಿತು.

ಎರಡನೇ ಭಾನುವಾರಕ್ಕಾಗಿಯೇ ಈ ತರಬೇತಿಗೆ ಹೋಗಬೇಕು ಎನ್ನುತ್ತೇನೆ. ಮೇಜಿನ ಮೇಲೆ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿ, 100 ಯೂನಿಟ್ ಇರುವ ಬಾಟಲಿ, ಎರಡಕ್ಕೂ ಬೇರೆ ಬೇರೆ ಸಿರಿಂಜುಗಳನ್ನು ಇಟ್ಟಿದ್ದರು. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್ ಎಂಬುದನ್ನು ವಿದ್ಯಾರ್ಥಿಗಳೇ ಎಳೆದು, ಲೆಕ್ಕ ಹಾಕಿ ಕಂಡುಕೊಂಡರು. ಬಳಿಕ 10 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೊಡುವ ಲೆಕ್ಕ: 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ ಆರೂಕಾಲು ಮಿಲಿಲೀಟರ್, 250 ಇರುವುದಾದರೆ ಮೂರು, ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ. ತಾಯಿಗೆ ಬರೀ “ಒಂದು ಮುಚ್ಚಳ” ಎಂದು ಹೇಳಿ ಕಳುಹಿಸುವುದು ಎಷ್ಟು ಅಪಾಯಕಾರಿ ಎಂದು ಬೇರೆ ಹೇಳಬೇಕಾಗಲಿಲ್ಲ.

ಮೂರನೆಯ ದಿನ ಸಿಸ್ಟರ್ ಸ್ವತಃ ಅಜ್ಜಿಯಾಗಿ ಕುಳಿತು, “ಗುಳಿಗೆಗೆ ಜ್ವರ ಇಳಿಯಾದಿಲ್ಲ, ಒಂದು ಸೂಜಿ ಮಾಡಿಬಿಡವ್ವ” ಎಂದು ಪಟ್ಟು ಹಿಡಿದರು. ಜಗಳೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಮೊದಲು ತಡವರಿಸಿ, ಆಮೇಲೆ “ಹೊಟ್ಟೆಗೆ ನಿಲ್ಲೋ ಹಂಗಿದ್ರೆ ಗುಳಿಗೆನೇ ಸಾಕು ಅಜ್ಜಿ, ವಾಂತಿ ಆಯ್ತಾ?” ಎಂದು ಕೇಳಿದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಔಷಧ ಬರೆಯುವವರು ವೈದ್ಯರೇ ಆದರೂ, ರೋಗಿ ಕೊನೆಗೆ ಕೇಳುವುದು ಹಾಸಿಗೆಯ ಪಕ್ಕ ನಿಂತ ಸಿಸ್ಟರನ್ನು. ಅಲ್ಲಿ ಆಡುವ ಮಾತನ್ನು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಿಲ್ಲ.

ಕೊರತೆಗಳೂ ಇವೆ. ಆಂಟಿಬಯೋಟಿಕ್‌ಗಳಿಗೆ ಕೊನೆಯ ಭಾನುವಾರ ಸಿಕ್ಕಿದ್ದು ಒಂದೇ ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿದ ಆಕ್ಸೆಸ್ (ಸಾಮಾನ್ಯವಾಗಿ ಮೊದಲು ಬಳಸುವವು), ವಾಚ್ (ಎಚ್ಚರಿಕೆಯಿಂದ ಬಳಸಬೇಕಾದವು), ರಿಸರ್ವ್ (ಕೊನೆಯ ಆಯ್ಕೆಯಾಗಿ ಕಾದಿರಿಸಿದವು) ಎಂಬ ಆಂಟಿಬಯೋಟಿಕ್‌ಗಳ ವಿಂಗಡಣೆಯನ್ನು ಪರದೆಯ ಮೇಲೆ ತೋರಿಸಿ ಮುಂದೆ ಸಾಗಿದರು. ವಿದ್ಯಾರ್ಥಿಗಳು ತಂದಿದ್ದ ಹಾಳೆಗಳನ್ನೇ ಮತ್ತೆ ತೆಗೆಸಿ ಯಾವುದು ಯಾವ ಗುಂಪಿನದೆಂದು ಗುರುತಿಸಲು ಹೇಳಿದ್ದರೆ ವಿಷಯ ಮನಸ್ಸಿಗೆ ಇಳಿಯುತ್ತಿತ್ತು. 2010ರಿಂದ ದೇಶದಲ್ಲಿ ಔಷಧ ನಿಗಾ ಕಾರ್ಯಕ್ರಮವಿದ್ದು, ಔಷಧದಿಂದಾದ ತೊಂದರೆಯನ್ನು ನರ್ಸ್‌ಗಳೂ ಅದಕ್ಕೆ ವರದಿ ಮಾಡಬಹುದು. ಆ ವರದಿಯ ನಮೂನೆಯನ್ನು ಒಮ್ಮೆಯೂ ತುಂಬಿಸಲಿಲ್ಲ ಎಂಬುದು ನನ್ನ ದೊಡ್ಡ ಆಕ್ಷೇಪ. ಕೊಟ್ಟ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಅವನ್ನು ಮನೆಯಲ್ಲಿ ಮತ್ತೆ ತೆರೆಯುವುದು ಅನುಮಾನ.

ಹೀಗಿದ್ದರೂ ಮುಂದಿನ ತಂಡವನ್ನು ಖಂಡಿತ ಕಳುಹಿಸುತ್ತೇನೆ. ವಾರ್ಡಿನ ಅನುಭವವಿಲ್ಲದ ಮೊದಲ ವರ್ಷದವರಿಗೆ ಇದು ಬೇಡ. ಹೋಗುವವರು ಮೊದಲ ದಿನವೇ ತಮ್ಮ ವಾರ್ಡಿನ ಔಷಧಗಳ ಪಟ್ಟಿಯನ್ನು ಬರೆದುಕೊಂಡು ಹೋಗಬೇಕು, ಅದಿಲ್ಲದೆ ಬಂದಿದ್ದ ಇಬ್ಬರು ಆ ದಿನವೆಲ್ಲ ಪಕ್ಕದವರ ಹಾಳೆ ನೋಡುತ್ತ ಕುಳಿತಿದ್ದರು.